ಒಡ್ಡುರ್ ಮಲಗಿಯೇ ಇದ್ದ ಮೇ ತಿಂಗಳು

ಗಂಡನ ಸೊಂಟದ ಮೂಳೆಗಿಂತ ಅವನ ತಲೆಯೇ ಗಟ್ಟಿ ಎಂದು ಸೋಲ್‌ವೇಗ್ ಊರಿಗೆಲ್ಲ ಹೇಳುತ್ತಿದ್ದಳು. ಮೂಳೆಯಾದರೂ ಮುರಿದಿತ್ತಲ್ಲ! ಐಸ್‌ಲ್ಯಾಂಡಿನ ಉತ್ತರದ ಕಣಿವೆಯಲ್ಲಿ ಕುರಿ ಸಾಕಿಕೊಂಡಿದ್ದ ಒಡ್ಡುರ್, ಒಂದು ಏಪ್ರಿಲ್‌ನಲ್ಲಿ ಮಂಜಿನ ಮೇಲೆ ಕುದುರೆ ಜಾರಿ, ಅದು ಮೈಮೇಲೇ ಬಿದ್ದು ಸೊಂಟ ಮುರಿದುಕೊಂಡ. ಬೇಸಿಗೆ ನಡುವಿನವರೆಗೆ ಬಲಗಾಲು ನೆಲಕ್ಕೆ ಊರಲೇಬಾರದು ಎಂದು ಆಸ್ಪತ್ರೆಯವರು ಕೈಮುಗಿಯುವುದೊಂದು ಬಾಕಿ ಇಟ್ಟು ಹೇಳಿ ಕಳಿಸಿದರು. ಅಷ್ಟರಲ್ಲಿ ಮೇ ಬಂತು, ಕುರಿಗಳು ಈಯತೊಡಗಿದವು. ಕುರಿ ಈಯುವ ತಿಂಗಳಲ್ಲಿ ಹಾಸಿಗೆಯಲ್ಲಿರುವ ಗಂಡಸು ಆ ಕಣಿವೆಯವರ ಲೆಕ್ಕದಲ್ಲಿ ಒಂದೋ ಸತ್ತಿರಬೇಕು, ಇಲ್ಲ ಸಾಯುತ್ತಿರಬೇಕು. ಒಡ್ಡುರ್ ಎರಡೂ ಅಲ್ಲವಲ್ಲ, ಮುರುಕು ಕೋಲೊಂದನ್ನು ಊರಿಕೊಂಡು ಕೊಟ್ಟಿಗೆಗೆ ಹೊರಟೇಬಿಟ್ಟ. ಸೋಲ್‌ವೇಗ್ ಬೈದಳು, ಅತ್ತಳು, ಬಾಗಿಲಿಗೆ ಅಡ್ಡ ನಿಂತಳು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಅಕ್ಕಪಕ್ಕದವರು ಬೇರೆ ಭೇಷ್ ಎಂದು ಬೆನ್ನು ತಟ್ಟಿದರು, ಅವರ ಬಾಯಿಗೆ ಮಣ್ಣು ಬೀಳ!

ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ. ಸೊಂಟದ ಬಲಭಾಗ ಮೇಲೇರಿ, ಕಾಲು ಎರಡು ಬೆರಳು ಗಿಡ್ಡವಾಯಿತು. ಅದಕ್ಕೆ ಬೂಟಿನ ಅಡಿಗೆ ಹಳೇ ಟೈರಿನ ತುಂಡು ಹೊಡೆದ, ಸರಿ. ಕೂರುವುದಕ್ಕೆ ಏನು ಹೊಡೆಯುತ್ತಾನೆ? ಕೂತರೆ ಭಾರವೆಲ್ಲ ಒಂದೇ ಕಡೆಯ ಮೂಳೆಗೆ ಒತ್ತಿ ಜೀವ ಹೋಗುತ್ತಿತ್ತು. ಕುದುರೆ ಹತ್ತುವುದು ಬಿಟ್ಟ, ಟ್ರ್ಯಾಕ್ಟರನ್ನು ನಿಂತು ಓಡಿಸಿದ, ಚರ್ಚಿನಲ್ಲಿ ಹಿಂದಿನ ಗೋಡೆಗೊರಗಿ ನಿಂತ, ಮನೆಯಲ್ಲಿ ಒಲೆಯ ಪಕ್ಕ ನಿಂತೇ ಉಂಡ. ಕೇಳಿದರೆ ತನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ ಎನ್ನುತ್ತಿದ್ದ. ನಿಂತು ಉಣ್ಣುವವನ ಎದುರು ಮೂರು ವರ್ಷ ಒಬ್ಬಳೇ ಕೂತು ಉಣ್ಣುವ ಸಂಕಟ ಅನುಭವಿಸಿದವರಿಗೇ ಗೊತ್ತು. ಅವನ ಜೊತೆ ಏಗಿ ಏಗಿ ಸೋಲ್‌ವೇಗ್‌ಗೆ ಸಾಕುಸಾಕಾಗಿತ್ತು.

ಕೊನೆಗೆ ಅವಳೇ ಕಾರಿನ ಹಿಂದುಗಡೆ ಹಾಸಿಗೆ ಹಾಸಿ, ಅವನನ್ನು ಮಲಗಿಸಿಕೊಂಡು ರೇಕ್ಯಾವಿಕ್‌ಗೆ ಓಡಿಸಿಕೊಂಡು ಹೋದಳು. ಶಸ್ತ್ರವೈದ್ಯೆ ಥೋರ್ದಿಸ್ ಎಕ್ಸ್‌ರೇ ನೋಡಿ ಮುಚ್ಚುಮರೆ ಮಾಡಲಿಲ್ಲ. ಕೂಡಿಕೊಂಡ ಮೂಳೆಯನ್ನು ಮತ್ತೆ ಕತ್ತರಿಸಬೇಕು. ಒಮ್ಮೆ ಅಂಗಾತ, ಒಮ್ಮೆ ಬೋರಲು, ಮತ್ತೆ ಅಂಗಾತ ಮಲಗಿಸಿ, ಮೇಲೇರಿದ್ದನ್ನು ಕೆಳಗೆಳೆದು ಪ್ಲೇಟು, ಸ್ಕ್ರೂ ಹಾಕಿ ಬಿಗಿಯಬೇಕು. ಕಾಲಿನ ನರಕ್ಕೆ ಏಟಾಗುವ ಭಯವೂ ಇದೆ. ಜೊತೆಗೆ ನಿಲ್ಲುವ ವೈದ್ಯರು ಸ್ವೀಡನ್‌ನಿಂದ ಬರಬೇಕು, ಅವರು ಬರುವುದು ಏಪ್ರಿಲ್‌ನಲ್ಲಿ ಮಾತ್ರ. ಇಷ್ಟೆಲ್ಲ ಕೇಳಿಸಿಕೊಂಡು ಆ ಮಹಾನುಭಾವ ಕೇಳಿದ್ದು ಒಂದೇ ಮಾತು.

"ಕುರಿ ಈದಾದ ಮೇಲೆ ಮಾಡಕ್ಕಾಗಲ್ವಾ?"

ಸೋಲ್‌ವೇಗ್‌ಗೆ ಪಿತ್ತ ನೆತ್ತಿಗೇರಿತು. ಥೋರ್ದಿಸ್ ಮಾತ್ರ ತಣ್ಣಗೆ ಹೇಳಿದಳು. "ಆಗಲ್ಲ. ಇನ್ನೊಂದು ಕೇಳಿ ಒಡ್ಡುರ್. ಈ ಸಲ ನಾನು ಹೇಳೋಕೆ ಮುಂಚೆ ನೀವು ಕಾಲೂರಿದ್ರೆ ಸ್ಕ್ರೂ ಎಲ್ಲಾ ಕಿತ್ಕೊಂಡು ಬರುತ್ತೆ. ಮತ್ತೆ ಕೈ ಹಾಕೋಕೆ ಅಲ್ಲಿ ಗಟ್ಟಿ ಮೂಳೆ ಉಳಿದಿರಲ್ಲ. ಆಮೇಲೆ ಕೂರೋದಿರಲಿ, ನಿಲ್ಲೋದನ್ನೂ ಮರೆತುಬಿಡಿ."

ಏಪ್ರಿಲ್‌ನಲ್ಲೇ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಮನೆಗೆ ಬಂದ ದಿನವೇ ಸೋಲ್‌ವೇಗ್ ಅವನ ಬೂಟುಗಳನ್ನೆಲ್ಲ ಹೊಳೆಯಾಚೆಯ ಕ್ಯಾರ್ತನ್‌ನ ಮನೆಗೆ ಸಾಗಿಸಿದಳು. ಒಡ್ಡುರ್‌ನ ಬಾಯಿಯನ್ನು ಎಲ್ಲಿಗೆ ಸಾಗಿಸುವುದು? ಹುಲ್ಲು ಹಾಕಿದ್ಯಾ, ನೀರಿಟ್ಟಿದ್ಯಾ, ಆ ಬಿಳೀದು ಈಯ್ತಾ ಎಂದು ಹಾಸಿಗೆಯಿಂದಲೇ ಅವಳ ಜೀವ ತಿಂದ. ಅವಳಿಗೋ ನಿದ್ದೆಯಿಲ್ಲ, ಸೊಂಟ ಬಿದ್ದುಹೋಗಿತ್ತು.

ಒಂದು ಮಧ್ಯಾಹ್ನ ಫ್ಲೆಕ್ಕಾಳ ಸರದಿ ಬಂತು. ಮೈಮೇಲೆ ಮಚ್ಚೆಯಿದ್ದ ಆ ಕುರಿ ಮಂದೆಯ ಮುಂದಾಳು. ಹಿಮಗಾಳಿ ಏಳುವ ಮುಂಚೆಯೇ ವಾಸನೆ ಹಿಡಿದು ಇಡೀ ಮಂದೆಯನ್ನು ಬೆಟ್ಟದಿಂದ ಇಳಿಸಿ ತರುತ್ತಿತ್ತು. ಒಡ್ಡುರ್ ಅದಕ್ಕೆ ಬಾಟಲಿ ಹಾಲು ಕುಡಿಸಿ ಮಗುವಿನ ಹಾಗೆ ಸಾಕಿದ್ದ. ಹೊಟ್ಟೆಯಲ್ಲಿ ಮರಿ ಅಡ್ಡ ತಿರುಗಿತ್ತು. ಸೋಲ್‌ವೇಗ್ ಮೊಣಕೈವರೆಗೆ ಕೈ ಹಾಕಿ ಹೆಣಗಿದಳು, ಮರಿ ತಿರುಗಲಿಲ್ಲ. ಅಂಥ ಮರಿಯನ್ನು ತಿರುಗಿಸುವ ಕೈ ಆ ಕಣಿವೆಯಲ್ಲಿ ಒಂದೇ ಇತ್ತು, ಅದು ಅಂಗಳದಾಚೆ ಹಾಸಿಗೆಯಲ್ಲಿ ಮಲಗಿತ್ತು. ಪಶುವೈದ್ಯರು ಪಕ್ಕದ ಕಣಿವೆಗೆ ಹೋಗಿದ್ದರು. ಕ್ಯಾರ್ತನ್‌ಗೆ ಫೋನ್ ಮಾಡಿ ಹೊರಟು ಬಾ ಎಂದಳು. ಕುರಿ ಅರಚುತ್ತಲೇ ಇತ್ತು, ಮನೆಯೊಳಗೆ ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ. ಅವಳು ಕೊಟ್ಟಿಗೆ ಬಾಗಿಲಿಗೆ ಬಂದು ಬಾಯಿ ತೆರೆದಳು, ತುಟಿ ಕಚ್ಚಿಕೊಂಡು ಒಳಗೆ ಹೋದಳು. ಇನ್ನೊಮ್ಮೆ ಬಂದಳು, ಹಾಗೇ ಹೋದಳು. ಕ್ಯಾರ್ತನ್ ಬರುವಷ್ಟರಲ್ಲಿ ತಾಯಿ, ಮರಿ ಎರಡೂ ಹೋಗಿದ್ದವು.

ರಕ್ತದ ಕೈಯಲ್ಲೇ ಅವಳು ಮನೆಯೊಳಗೆ ಬಂದಳು. ಒಡ್ಡುರ್ ಮಂಚದ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಮಲಗಿದ್ದ. ದಿಂಬು ಒದ್ದೆಯಾಗಿತ್ತು.

"ಫ್ಲೆಕ್ಕಾನಾ?" ಎಂದ.

"ಹೂಂ."

ಅವನು ಪಟ್ಟಿಯಿಂದ ಕೈ ತೆಗೆದ. "ನೀನು ಕರೀತೀಯ ಅಂತ ಕಾಯ್ತಾನೇ ಇದ್ದೆ ಕಣೇ. ಒಂದು ಸಲ ಕರೆದಿದ್ರೆ ಎದ್ದು ಬಂದುಬಿಡ್ತಿದ್ದೆ."

"ಗೊತ್ತು," ಎಂದಳು ಸೋಲ್‌ವೇಗ್. "ಅದಕ್ಕೇ ಕರೀಲಿಲ್ಲ."