ಪುಟ್ಟಬಸಮ್ಮನ ಕೈ

ಮುಳ್ಳೂರಿನಲ್ಲಿ ಯಾರ ಮನೆಯ ರೇಷ್ಮೆ ಹುಳಕ್ಕೆ ರೋಗ ಬಂದರೂ ಊರು ಮೊದಲು ನೋಡುವುದು ಆ ಮನೆಯ ಹೆಂಗಸಿನ ಕೈಯನ್ನು. ಬೆಳೆ ಚೆನ್ನಾಗಿ ಬಂತೋ, ಸೊಪ್ಪು ಚೆನ್ನಾಗಿತ್ತು, ಹವೆ ಹದವಾಗಿತ್ತು, ಗಂಡಸು ಮೈಮುರಿದು ದುಡಿದ. ಕೆಟ್ಟಿತೋ, ಹೆಂಗಸಿನ ಕೈ ಸರಿಯಿಲ್ಲ. ಈ ನ್ಯಾಯವನ್ನು ಯಾವ ಪುಣ್ಯಾತ್ಮ ಹೇಳಿಕೊಟ್ಟನೋ, ಇವತ್ತಿಗೂ ಯಾರೂ ತಿದ್ದಿಲ್ಲ.

ದೊಡ್ಡಮಾದಪ್ಪನ ಹೆಂಡತಿ ಪುಟ್ಟಬಸಮ್ಮನ ಕೈಯನ್ನು ಮಾತ್ರ ಊರು ಹೊಗಳುತ್ತಿತ್ತು. "ಕೈ ಅಂದ್ರೆ ಅದು ಕಣ್ಲಾ. ಯಾವಾಗ್ಲೂ ನೀರಲ್ಲೇ ಇರ್ತದೆ. ಅದ್ಕೇ ಅವ್ರ ಮನೇಲಿ ಉಳ ಸಾಯಾಕಿಲ್ಲ" ಎಂದು ಕಟ್ಟೆಯ ಮೇಲೆ ಕೂತವರು ಹೇಳುತ್ತಿದ್ದರು. ಹೇಳಿದವರಲ್ಲಿ ಒಬ್ಬರೂ ಆ ಕೈಯನ್ನು ಹತ್ತಿರದಿಂದ ಕಂಡವರಲ್ಲ. ಬೆರಳ ಸಂದಿಯ ಚರ್ಮ ಸೀಳಿತ್ತು. ಅಂಗೈ ಬಿಳಚಿಕೊಂಡು ಸಿಪ್ಪೆ ಏಳುತ್ತಿತ್ತು. ಗೆಣ್ಣುಗಳ ಮೇಲೆ ರಕ್ತ ಒಸರಿ ಒಣಗಿರುತ್ತಿತ್ತು. ಸಾರು ಕಲಸಿಕೊಂಡು ಉಣ್ಣುವಾಗ ಖಾರ ತಾಗಿ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಎದುರಿಗೆ ಕೂತು ಉಣ್ಣುತ್ತಿದ್ದ ಗಂಡನಿಗೆ ಅದು ಕಾಣುತ್ತಿರಲಿಲ್ಲವೆಂದರೆ ನಂಬಲಾಗದು. ಕಾಣುತ್ತಿತ್ತು, ಬೆಳೆ ಬರುತ್ತಿತ್ತು, ಸುಮ್ಮನಿದ್ದ.

ಇದು ಶುರುವಾದದ್ದು ಕೆಲವು ವರ್ಷದ ಹಿಂದೆ. ಪುಟ್ಟಬಸಮ್ಮನ ಅಕ್ಕನ ಗಂಡ ತೀರಿಕೊಂಡಿದ್ದರು. ಅವಳು ಮಣ್ಣು ಮುಗಿಸಿಕೊಂಡು ಊರಿಗೆ ಬಂದಾಗ ಮನೆಯಲ್ಲಿ ನಾಲ್ಕನೇ ಜ್ವರ ಎದ್ದು ಪೊರೆ ಕಳಚಿದ ಹುಳ ಹಸಿದು ತಲೆ ಎತ್ತಿಕೊಂಡಿದ್ದವು. ಆ ಹೊತ್ತಿನಲ್ಲಿ ಹುಳ ಕಾಯುವುದಿಲ್ಲ, ತಿನ್ನುವುದೊಂದೇ ಅದಕ್ಕೆ ಗೊತ್ತು. ಮೈಮೇಲೆ ನೀರು ಹಾಕಿಕೊಳ್ಳುವುದಕ್ಕೂ ನಿಲ್ಲದೆ ಕೈ ಮಾತ್ರ ತೊಳೆದು ಒಳಗೆ ಹೋಗಿ ಸೊಪ್ಪು ಹಾಕಿದಳು. ಆಮೇಲೆ ಹುಳಕ್ಕೆ ಹಾಲುತೊಂಡೆ ರೋಗ ಬಂತು. ಮೈ ಊದಿ, ಒಡೆದು, ಬಿಳೀ ನೀರು ಸುರಿಸಿಕೊಂಡು ಮನೆ ತುಂಬ ಸತ್ತವು. ಗುಂಡಿ ತೋಡಿ ಎಲ್ಲವನ್ನೂ ಮುಚ್ಚಿದ ದಿನ ಅತ್ತೆ ಗುರುಸಿದ್ದಮ್ಮ ನೆರೆಹೊರೆಯ ಎದುರಿಗೇ ಹೇಳಿದಳು:

"ಸಾವಿನ ಮನೆ ಕೈಯಾಗೆ ಬಂದು ಉಳ ಮುಟ್ಟುದ್ಲು. ಇವ್ಳ ಕೈ ಮುಟ್ಟಿದ್ದು ಉಳಿಯಾಕಿಲ್ಲ."

ಮುದುಕಿ ಹೇಳಿ ಮರೆತಳು. ಪುಟ್ಟಬಸಮ್ಮ ಮರೆಯಲಿಲ್ಲ. ಮುಂದಿನ ಬೆಳೆಯಿಂದ ಹುಳದ ಮನೆಯ ಬಾಗಿಲಲ್ಲಿ ಕೈ ತೊಳೆದಳು, ಚಿಲಕ ಮುಟ್ಟಿದೆನಲ್ಲ ಎಂದು ಮತ್ತೆ ತೊಳೆದಳು. ಆಮೇಲೆ ನಲ್ಲಿ ತಿರುಪನ್ನು ತೊಳೆದು ಕೈ ತೊಳೆದಳು. ಸೋಪಿಗೆ ನಂಬಿಕೆ ಸಾಲದೆ ನೆಲಕ್ಕೆ ಹಾಕುವ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿಗೆ ಸುರಿದು ಅದರಲ್ಲೇ ಕೈ ಅದ್ದಿದಳು. ಬೇರೆ ಕಸುಬಿನ ಮನೆಯಾಗಿದ್ದರೆ ಇದೇನೋ ಸರಿಯಿಲ್ಲ ಅಂತ ಒಬ್ಬರಿಗಾದರೂ ಹೊಳೆಯುತ್ತಿತ್ತು. ರೇಷ್ಮೆ ಮನೆಯಲ್ಲಿ ಕೈ ತೊಳೆಯುವುದೇ ಧರ್ಮ. ಅದು ಮಿತಿ ಮೀರಿದ್ದು ಯಾರಿಗೂ ಗೊತ್ತಾಗಲಿಲ್ಲ. ಸಾಲದ್ದಕ್ಕೆ ಪಕ್ಕದ ಮನೆಯವರು ತಮ್ಮ ಸೊಸೆಯರಿಗೆ, ಅವಳನ್ನು ನೋಡಿ ಕಲೀರೇ ಎಂದು ಬುದ್ಧಿ ಹೇಳಿದರು.

ಹನೂರಿಗೆ ಕೊಟ್ಟಿದ್ದ ಮಗಳು ದೀಪಶ್ರೀ ಗೌರಿ ಹಬ್ಬಕ್ಕೆ ಬಸುರಿಯಾಗಿ ಬಂದಳು. ತಾಯಿ ಅಂಗಳದಲ್ಲೇ ನಿಲ್ಲಿಸಿ ಮಗಳ ಕಾಲಿಗೆ ಬ್ಲೀಚಿಂಗ್ ನೀರು ಹೊಯ್ದಳು. ಅವಳ ಬ್ಯಾಗು ತೊಳೆದಳು, ಚಪ್ಪಲಿ ತೊಳೆದಳು. ಬಾಗಿನ ಕೊಡುವಾಗ ಮೊರವನ್ನು ನೆಲದ ಮೇಲಿಟ್ಟು ಹಿಂದಕ್ಕೆ ಸರಿದಳು. ಹುಡುಗಿ ಮೊರವನ್ನು ತಾನೇ ಬಗ್ಗಿ ಎತ್ತಿಕೊಂಡಳು. ಅನ್ನಬೇಕಾದ್ದನ್ನು ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಹೆರಿಗೆಯಾದ ಮಾರನೆಯ ದಿನ ಅಂದಳು.

ಪುಟ್ಟಬಸಮ್ಮ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ದೀಪಶ್ರೀ ಕೂಸನ್ನು ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದು, "ತಕಳವ್ವ" ಎಂದಳು. ತಾಯಿ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಆಮೇಲೆ ಎತ್ಕತೀನಿ ಬುಡು."

"ಯಾವಾಗ? ಅದು ಸ್ಕೂಲಿಗೋಗುವಾಗ್ಲಾ?" ದೀಪಶ್ರೀ ಕೂಸನ್ನು ಎದೆಗೆ ಎಳೆದುಕೊಂಡಳು. "ಬಾಣಂತನಕ್ಕೆ ನಾನು ನಿನ್ನ ಮನೆಗೆ ಬರಾಕಿಲ್ಲ. ಅನೂರ್ಗೇ ಓಯ್ತೀನಿ. ಕೂಸ್ನ ಎತ್ಕಳಂಗಿದ್ರೆ ಬಾ. ಬಾಗ್ಲಲ್ಲಿ ನಿಂತ್ಕಂಡು ನೋಡಂಗಿದ್ರೆ ಬರ್ಲೇಬ್ಯಾಡ."

ಚೊಚ್ಚಲ ಬಾಣಂತನ ತವರಲ್ಲಿ ಆಗದಿದ್ದರೆ ತಾಯಿಯಾದವಳು ಊರಲ್ಲಿ ತಲೆ ಎತ್ತುವುದು ಹೇಗೆ? ಆದರೆ ಪುಟ್ಟಬಸಮ್ಮನಿಗೆ ಊರಿನ ಚಿಂತೆಗಿಂತ ಆ ಕೂಸಿನ ಚಿಂತೆ. ಎತ್ತಿಕೊಳ್ಳಬೇಕೆಂದು ಜೀವ ತುಡಿಯುತ್ತಿತ್ತು, ಎತ್ತಿಕೊಂಡರೆ ಸಾಯುತ್ತದೆ ಎಂದು ಕೈ ಹಿಂದಕ್ಕೆ ಹೋಗುತ್ತಿತ್ತು. ಅಳುತ್ತ ಕಾರಿಡಾರಿನ ನಲ್ಲಿಗೆ ಹೋಗಿ ಕೈ ತೊಳೆಯುತ್ತ ನಿಂತವಳನ್ನು ನರ್ಸೊಬ್ಬಳು ನೋಡಿ, ಇದೇನಮ್ಮ ಕೈ ಹೀಗೆ ಸುಲಿದುಹೋಗಿದೆ ಎಂದು ಚರ್ಮದ ಡಾಕ್ಟರ ಹತ್ತಿರ ದಬ್ಬಿದಳು. ಅವರು ಮುಲಾಮು ಬರೆಯುತ್ತಲೇ ನಾಲ್ಕು ಮಾತು ಕೇಳಿ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. ಆ ಡಾಕ್ಟರು ಇದು ಗೀಳು ಕಾಯಿಲೆ, ಬೇಕಾದಷ್ಟು ಜನಕ್ಕೆ ಇರುತ್ತದೆ ಎಂದರು. ಮಾತ್ರೆ ಕೊಟ್ಟರು. ಜೊತೆಗೆ ವಾರ ವಾರ ಬಂದು ರೂಪ ಎಂಬ ಆಪ್ತಸಮಾಲೋಚಕಿಯ ಹತ್ತಿರ ಕೂರಬೇಕು ಎಂದರು.

ಪುಟ್ಟಬಸಮ್ಮನಿಗೆ ರೂಪಳನ್ನು ಕಂಡ ಗಳಿಗೆಯಲ್ಲೇ ಮೈ ಉರಿಯಿತು. ಮಗಳ ವಯಸ್ಸಿನ ಹುಡುಗಿ ಕುರ್ಚಿ ಮೇಲೆ ಕೂತು ಅವಳಿಗೂ ಕುರ್ಚಿ ತೋರಿಸಿದಳು.

"ನಂಗೆ ತಲೆ ಕೆಟ್ಟಿಲ್ಲ ಕಣಮ್ಮಿ."

"ಕೆಟ್ಟಿದೆ ಅಂತ ಯಾರು ಹೇಳಿದ್ರು?"

"ಯಾವೂರು ನಿಂದು? ಯಾರ ಪೈಕಿ?"

"ಯಳಂದೂರು" ಎಂದಳು ರೂಪ. ಎರಡನೆಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಕೊಡದೆ ಇದ್ದದ್ದು ಪುಟ್ಟಬಸಮ್ಮನಿಗೆ ಇನ್ನೂ ಕೋಪ ತರಿಸಿತು. "ನಿಮ್ಮೂರಲ್ಲಿ ಬೇರೆಯವರೂ ಹುಳ ಸಾಕ್ತಾರಲ್ಲ ಅವ್ವ, ಅವರೆಷ್ಟು ಸಲ ಕೈ ತೊಳೀತಾರೆ?"

"ಒಳಿಕೆ ಓಗುವಾಗ ಒಂದ್ಸಲ. ಗಲೀಜು ಮುಂಡೇವು."

"ಅವರ ಹುಳ ಗೂಡು ಕಟ್ಟಲ್ವಾ?"

"ಕಟ್ತವೆ. ಅವ್ರ ಕೈ ಬ್ಯಾರೆ."

"ನಿಮ್ಮ ಕೈಗೇನಾಗಿದೆ?"

ಹೇಳಬಾರದು ಎಂದುಕೊಂಡೇ ಕೂತಿದ್ದಳು. ಆದರೆ ಸಿಟ್ಟಿನ ಭರದಲ್ಲಿ ಬಾಯಿ ಜಾರಿತು. "ಇದು ಮುಟ್ಟಿದ್ದು ಉಳಿಯಾಕಿಲ್ಲ. ಕೂಸ್ನ ಎತ್ಕಂಡ್ರೆ ಅದೂ ಓಯ್ತದೆ. ಸಾಕಾ? ಕೇಳಿಸ್ಕಂಡ್ಯಾ?" ಗಂಡನಿಗೂ ಹೇಳದ ಮಾತನ್ನು ಯಳಂದೂರಿನ ಯಾವಳೋ ಬಾಯಿಬಿಡಿಸಿಬಿಟ್ಟಳಲ್ಲ ಎಂದು ಅವಳಿಗೆ ಅಲ್ಲೇ ಎದ್ದು ಹೋಗಬೇಕೆನಿಸಿತು. ಹೋಗಲಿಲ್ಲ. ಒಂದು ಮಾತಿಗೆ ಕಾದಳು. "ಹಂಗೇನೂ ಆಗಲ್ಲ ಅಂತ ಯೋಳು ಮತ್ತೆ."

"ಹೇಳಲ್ಲ. ಇವತ್ತು ನಾನು ಹೇಳಿದ್ರೆ ನಾಳೆ ಇನ್ನೊಂದು ಸಲ ಹೇಳು ಅಂತೀರಿ. ಅದೂ ಕೈ ತೊಳೆದ ಹಾಗೇನೇ."

ಅಬ್ಬಾ, ಆ ಹುಡುಗಿಯ ಮೇಲೆ ಅವಳಿಗೆ ಬಂದ ದ್ವೇಷ! ಸಮಾಧಾನದ ಒಂದು ಮಾತಿಗೂ ಗತಿಯಿಲ್ಲದವಳು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಯ್ದಳು. ಮುಂದಿನ ವಾರ ಮತ್ತೆ ಹೋದಳು. ಕೂಸನ್ನು ಎತ್ತಿಕೊಳ್ಳಲು ಬೇರೆ ದಾರಿ ಯಾರೂ ಹೇಳಿರಲಿಲ್ಲ.

ರೂಪ ಮಾಡಿಸಿದ್ದು ಕೇಳುವವರಿಗೆ ಏನೂ ಅಲ್ಲ. ಮೇಜಿನ ಅಂಚು ಮುಟ್ಟಿ ಸುಮ್ಮನೆ ಕೂರಬೇಕು, ತೊಳೆಯಬಾರದು, ಅಷ್ಟೆ. ಪುಟ್ಟಬಸಮ್ಮ ಬೆವತಳು, ಎದೆ ಹೊಡೆದುಕೊಂಡಿತು. "ನಿನ್ನ ವಂಶ ನಾಶವಾಗ" ಎಂದು ಶಾಪ ಹಾಕಿದಳು.

"ಬಯ್ಯಿರಿ. ಕೈ ಮಾತ್ರ ಮೇಜಿನ ಮೇಲೇ ಇರಲಿ" ಎಂದಳು ರೂಪ. "ಉಕ್ಕೋ ಹಾಲಿಗೆ ನೀರು ಚಿಮುಕಿಸಿದ್ರೆ ಇಳಿಯುತ್ತೆ. ಒಲೆ ಉರೀತಾನೇ ಇರುತ್ತೆ, ಮತ್ತೆ ಉಕ್ಕುತ್ತೆ. ನೀವು ಇಷ್ಟು ವರ್ಷ ನೀರು ಚಿಮುಕಿಸಿದ್ದೀರಿ ಅವ್ವ. ಒಂದ್ಸಲ ಒಲೆ ತಾನೇ ಆರೋವರೆಗೂ ಕೂತು ನೋಡೋಣ."

ಕೂತರು. ಬಹಳ ಹೊತ್ತು ಕೂತರು. ಭಯ ಏರಿತು, ಏರಿ ನಿಂತಿತು, ಆಮೇಲೆ ಯಾರೂ ಏನೂ ಮಾಡದೆ ತಾನೇ ಇಳಿಯಿತು. ಪುಟ್ಟಬಸಮ್ಮ ನಂಬದೆ ತನ್ನ ಕೈಯನ್ನೇ ನೋಡಿಕೊಂಡಳು. ಸಂತೋಷವೇನೂ ಆಗಲಿಲ್ಲ, ಇದು ಇಷ್ಟೇ ಆಗಿದ್ದರೆ ಇಷ್ಟು ವರ್ಷ ಯಾಕೆ ಸುಲಿದುಕೊಂಡೆ ಎಂದು ಹೊಟ್ಟೆ ಉರಿಯಿತು. ಮುಂದೆ ರೂಪ ಬಸ್ಸಿನ ಕಂಬಿ, ಆಸ್ಪತ್ರೆಯ ಬಾಗಿಲು, ಬಿದ್ದ ಚಪ್ಪಲಿ, ಒಂದೊಂದನ್ನೇ ಮುಟ್ಟಿಸಿದಳು. ಮಲೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ತಾಳುಬೆಟ್ಟದಿಂದ ಮೆಟ್ಟಿಲು ಮೆಟ್ಟಿಲಾಗಿ ತಾನೇ ಹತ್ತುವುದು ಎನ್ನುತ್ತಿದ್ದಳು. ಹುಳದ ಮನೆಯ ಬಾಗಿಲಲ್ಲಿ ಎಲ್ಲರ ಹಾಗೆ ಒಂದು ಸಲ ತೊಳೆಯಿರಿ, ಅದು ಕಸುಬು. ಎರಡನೆಯದು ಕಾಯಿಲೆ ಎಂದು ಗೆರೆ ಎಳೆದಳು.

ಯುದ್ಧ ಶುರುವಾದದ್ದು ಮನೆಯಲ್ಲಿ. ಹೆಂಡತಿ ಒಂದೇ ಸಲ ಕೈ ತೊಳೆದು ಹುಳದ ಮನೆಗೆ ಹೋದದ್ದನ್ನು ಕಂಡು ದೊಡ್ಡಮಾದಪ್ಪ ತಾನೇ ಬ್ಲೀಚಿಂಗ್ ನೀರಿನ ಬಕೆಟ್ಟು ತಂದು ಬಾಗಿಲಲ್ಲಿ ಕುಕ್ಕಿದ. ಅದುವರೆಗೆ ಒಂದು ಲೋಟ ನೀರು ಎತ್ತಿ ಕೊಟ್ಟವನಲ್ಲ.

"ಯಾವಳೋ ಮಾತು ಕಟ್ಕಂಡು ಉಳ ಸಾಯಿಸ್ಬುಡು ಇನ್ನ. ತೊಳ್ಕಳಮ್ಮಿ ಸರ್ಯಾಗಿ."

"ಒಂದ್ಸಲ ತೊಳ್ದಿವ್ನಿ."

"ಆಸ್ಪತ್ರೇಲಿ ಮಾಟ ಮಾಡವ್ರೆ ಇವ್ಳಿಗೆ" ಎಂದಳು ಗುರುಸಿದ್ದಮ್ಮ ಜಗಲಿಯಿಂದ. ಊರೂ ಸೇರಿಕೊಂಡಿತು. ದೊಡ್ಡಮಾದಪ್ಪನ ಹೆಂಡತಿಗೆ ಹುಚ್ಚಿನ ಮಾತ್ರೆಯಂತೆ ಎಂದು, ಮೊನ್ನೆವರೆಗೂ ಹೊಗಳುತ್ತಿದ್ದ ಬಾಯಿಗಳೇ ಕಟ್ಟೆಯ ಮೇಲೆ ಹಲ್ಲು ಕಿರಿದವು. ಕೈ ಸುಲಿದುಕೊಳ್ಳುವಾಗ ಜಾಣೆ, ಔಷಧಿಗೆ ಹೋದಾಗ ಹುಚ್ಚಿ. ಇಂಥ ಊರಿಗೆ ಏನು ಹೇಳುವುದು?

ಆ ಬೆಳೆಯಲ್ಲಿ ಹುಳ ಹಣ್ಣಾಗಿ ಗೂಡಿಗೆ ಸಿದ್ಧವಾಗುವ ಹೊತ್ತಿಗೆ ತಟ್ಟೆಯ ಅಂಚಿನಲ್ಲಿ ಹಾಲುತೊಂಡೆಯ ಒಂದಷ್ಟು ಹುಳ ಕಂಡವು. ದೊಡ್ಡಮಾದಪ್ಪ ಒಂದನ್ನು ಎಲೆಯ ಮೇಲೆ ಎತ್ತಿ ಅವಳ ಮುಖದ ಹತ್ತಿರ ಹಿಡಿದ. "ನೋಡು. ನಿನ್ನ ಕೈ ಮಾಡಿದ್ದು."

ಅತ್ತೆಯ ಹಳೆಯ ಮಾತು ಅವಳ ಕಿವಿಯಲ್ಲಿ ಆಗಷ್ಟೇ ಹೇಳಿದ ಹಾಗೆ ಕೇಳಿಸಿತು. ಬಕೆಟ್ಟು ಅಲ್ಲೇ ಇತ್ತು. ಎರಡೂ ಕೈ ಅದರ ಕಡೆಗೆ ಹೋದವು. ನೀರಿನ ಘಾಟು ಮೂಗಿಗೆ ಬಡಿಯಿತು. ಬೆರಳು ಮುಳುಗುವುದಕ್ಕೆ ಮುಂಚೆ ಅವಳಿಗೆ ತಾನು ಯಾರಿಗೂ ಹೇಳದೆ ಇದ್ದ ಇನ್ನೊಂದು ಮಾತು ನೆನಪಾಯಿತು. ಬಕೆಟ್ಟನ್ನು ಕಾಲಲ್ಲಿ ಒದ್ದಳು. ನೀರು ದೊಡ್ಡಮಾದಪ್ಪನ ಪಾದದ ಮೇಲೆ ಹರಿಯಿತು.

"ಓದ್ ಬೆಳೇಲಿ ರಕ್ತ ಬರೋ ಗಂಟ ತೊಳ್ದಿದ್ದೆ. ಆಗ್ಲೂ ಸತ್ತಿದ್ವು. ಅದ್ರಿಂದೆ ಬೆಳೇಲೂ ಸತ್ತಿದ್ವು. ನಾನೇ ಆಯ್ದು ನಿಮ್ಗೆ ಗೊತ್ತಾಗ್ದಂಗೆ ಗುಂಡೀಗಾಕ್ತಿದ್ದೆ. ಸಾಯೋವು ಎಲ್ರ ಮನೇಲೂ ನಾಕು ಸಾಯ್ತವೆ." ಜಗಲಿಯ ಕಡೆ ತಿರುಗಿದಳು. "ಅತ್ತೆ, ನಿಮ್ಗೂ ಯೋಳ್ತಿವ್ನಿ. ನನ್ನ ಕೈಯಾಗೆ ರಕ್ತ ಸುರಿಯುವಾಗ ಬಾಯಿ ಮುಚ್ಕಂಡಿದ್ರಲ್ಲ, ಈಗ್ಲೂ ಅಂಗೇ ಮುಚ್ಕಳಿ."

ರೋಗದ ಹುಳ ಆಯ್ದು ಸುಣ್ಣ ಹಾಕಿ ಮುಚ್ಚಿದಳು. ಬಂದು ಕೈ ತೊಳೆದಳು, ಒಂದು ಸಲ. ಉಳಿದ ಹುಳ ಚಂದ್ರಿಕೆಯ ಬಿದಿರು ತಟ್ಟಿ ಹತ್ತಿ ಗೂಡು ಕಟ್ಟಿದವು. ಬೆಳೆ ಎಲ್ಲರ ಮನೆಯ ಹಾಗೆ ಬಂತು. ದೊಡ್ಡಮಾದಪ್ಪ ಮಾತು ಬಿಟ್ಟ. ಗೂಡು ಬಿಡಿಸಿದ ಮೇಲೆ ಯಾರಿಗೂ ಹೇಳದೆ ಅವಳು ಹನೂರಿನ ಬಸ್ಸು ಹತ್ತಿದಳು.

ಬೀಗಿತ್ತಿ ರಾಚಮ್ಮ ಬಾಗಿಲಲ್ಲೇ ಎದುರಾದಳು. ಬಾಣಂತಿಯ ಮನೆಗೆ ಬಂದವರು ಕೈಕಾಲು ತೊಳೆಯದೆ ಹೊಸಿಲು ದಾಟುವ ಹಾಗಿಲ್ಲ. ಮೆಟ್ಟಿಲ ಮೇಲೆ ಚೆಂಬು ಇಟ್ಟು, "ನಿಮ್ಗೆ ಒಂದ್ ಚೆಂಬು ಎಲ್ ಸಾಕಾಯ್ತದೆ ಬುಡಿ. ನಲ್ಲಿ ಇತ್ತಲಲ್ಲಿ ಅದೆ" ಎಂದು ಚುಚ್ಚಿದಳು. ಒಳಗಿನ ಕಿಟಕಿಯಲ್ಲಿ ದೀಪಶ್ರೀಯ ಮುಖವಿತ್ತು.

ಪುಟ್ಟಬಸಮ್ಮ ಕಾಲಿಗೆ ನೀರು ಹೊಯ್ದುಕೊಂಡಳು. ಕೈಗೆ ಹೊಯ್ದುಕೊಂಡಳು. ಚೆಂಬು ಮುಟ್ಟಿದ ಕೈ ಇದು, ಇನ್ನೊಂದು ಸಲ, ಎಂದು ಒಳಗಿನಿಂದ ಒಂದು ಕೂಗು ಎದ್ದಿತು. ಅರ್ಧ ನೀರು ಉಳಿದಿದ್ದ ಚೆಂಬನ್ನು ಮೆಟ್ಟಿಲ ಮೇಲೇ ಇಟ್ಟು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.

"ನಿಂತ್ಕಳಾಕೆ ಬಂದ್ಯಾ, ಕೂತ್ಕಳಾಕಾ?" ಎಂದಳು ದೀಪಶ್ರೀ.

ಪುಟ್ಟಬಸಮ್ಮ ಚಾಪೆಯ ಮೇಲೆ ಕೂತು ಮಡಿಲು ಹರಡಿದಳು. "ಕೊಡು."

ದೀಪಶ್ರೀ ತಕ್ಷಣ ಕೊಡಲಿಲ್ಲ. ತಾಯಿಯ ಕೈಯನ್ನೇ ನೋಡಿದಳು. ಹಕ್ಕಳೆ ಉದುರಿ ಗೆಣ್ಣುಗಳ ಮೇಲೆ ಎಳೇ ಚರ್ಮ ಬಂದಿತ್ತು. ಕೂಸನ್ನು ತಂದು ಮಡಿಲಿಗೆ ಹಾಕಿದಳು. ಅದು ಬೆಚ್ಚಗಿತ್ತು, ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ಒಂದು ಕಣ್ಣು ತೆರೆದು ಅಜ್ಜಿಯನ್ನು ನೋಡಿ, ಯಾವ ಮುಲಾಜೂ ಇಲ್ಲದೆ ಅವಳ ಎರಡೂ ಕೈ ಮೇಲೆ ಉಚ್ಚೆ ಹೊಯ್ದಿತು. ದೀಪಶ್ರೀ ಒರೆಸಲು ಬಟ್ಟೆಗೆ ಕೈ ಹಾಕಿದಳು. ಪುಟ್ಟಬಸಮ್ಮ ಬೇಡವೆಂದು ತಲೆಯಾಡಿಸಿದಳು. ಇವಳ ಕೈ ಮುಟ್ಟಿದ್ದು ಉಳಿಯಾಕಿಲ್ಲ ಎಂದು ಮುದುಕಿಯ ದನಿ ಕಿವಿಯಲ್ಲಿ ಹೇಳುತ್ತಲೇ ಇತ್ತು. ಅವಳು ಅದಕ್ಕೆ ಉತ್ತರ ಕೊಡಲಿಲ್ಲ, ಕೂಸನ್ನು ಕೆಳಗೂ ಇಳಿಸಲಿಲ್ಲ.

"ಭಯ ಆಯ್ತದಾ ಅವ್ವ?"

"ಆಯ್ತದೆ."

"ಕೈ ನಡುಗ್ತಾ ಅದೆ. ಕೊಡು ಇತ್ತಾಗೆ."

"ನಡುಗ್ಲಿ ಬುಡು" ಎಂದಳು ಪುಟ್ಟಬಸಮ್ಮ. "ಕೂಸು ಮಲಗ್ತಾ ಅದೆ."