ಕೆಂಪು ಜಾಕೆಟ್ಟಿನವನು ಕೇಳಿದ ಪ್ರಶ್ನೆ

ನಂಬುವವರು ನಂಬಿ, ಬಿಡುವವರು ಬಿಡಿ. ಇದು ನಡೆದದ್ದು ನಿಜ. ಯಾರೋ ಹೇಳಿದ ಕಥೆಯಲ್ಲ, ಜ್ವರದಲ್ಲಿ ಕಂಡ ಕನಸೂ ಅಲ್ಲ. ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಪ್ಲಿಮತ್‌ನಲ್ಲಿ, ಜನ ತುಂಬಿದ ಹಾಲ್‌ನ ಮುಂದಿನ ಸಾಲಿನಲ್ಲಿ ಕೂತು ನಾನೇ ಕಂಡದ್ದು. ಇಷ್ಟು ವರ್ಷ ಬರೆಯದೆ ಇದ್ದದ್ದು ಹೆದರಿಕೆಯಿಂದಲ್ಲ. ಬರೆಯಲು ಕೂತರೆ ಸಿಟ್ಟಿಗೆ ಒಂದು ಸಾಲೂ ಮುಂದೆ ಹೋಗುತ್ತಿರಲಿಲ್ಲ.

ನನ್ನ ತಮ್ಮ ವಿನಾಯಕ ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವನು. ಹಿಮವನ್ನು ಫ್ರಿಜ್ಜಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವನಲ್ಲ. ತೊಂಬತ್ತರ ದಶಕದ ಕೊನೆಗೆ ಕಾರಿನ ಬಿಡಿಭಾಗ ಮಾಡುವ ಕಂಪನಿಯ ಎಂಜಿನಿಯರ್ ಆಗಿ ಪ್ಲಿಮತ್‌ಗೆ ಬಂದ, ನಮ್ಮ ಮನೆಯಲ್ಲೇ ಇಳಿದುಕೊಂಡ. ಮೊದಲ ಚಳಿಗಾಲದಲ್ಲೇ ಅವನಿಗೆ ಕಾಲಿಗೆ ಹಲಗೆ ಕಟ್ಟಿ ಹಿಮದ ಇಳಿಜಾರಲ್ಲಿ ಜಾರುವ ಸ್ಕೀ ಹುಚ್ಚು ಹತ್ತಿತು. ಡೆಟ್ರಾಯಿಟ್ ಸುತ್ತ ಬೆಟ್ಟ ಎಲ್ಲಿಂದ ಬರಬೇಕು? ಕಸ ಸುರಿದು ಎತ್ತರ ಮಾಡಿದ ಒಂದು ದಿಬ್ಬ, ಅದರ ಮೇಲೆ ಯಂತ್ರದಿಂದ ಊದಿದ ಹಿಮ. ಅಲ್ಲೇ ಬಿದ್ದು ಎದ್ದು ಕಲಿತ. ಅಲ್ಲೇ ಅವನಿಗೆ ಸುಧೀರ ಸಿಕ್ಕಿದ.

ಸುಧೀರ ಮೈಸೂರಿನವನು. ಮಾತು ಬೆಣ್ಣೆ, ಕೈಯಲ್ಲಿ ಸದಾ ಒಂದು ಪುಟ್ಟ ವಿಡಿಯೊ ಕ್ಯಾಮೆರಾ. ಇಬ್ಬರೂ ಸೇರಿ ಸ್ಕೀ ಸಿನಿಮಾ ಮಾಡತೊಡಗಿದರು. ಚಳಿಗಾಲದಲ್ಲಿ ರಜೆ ಹಾಕಿ ಕೊಲರಾಡೋ ಬೆಟ್ಟಗಳಿಗೆ ಹೋಗಿ ಶೂಟಿಂಗ್. ಬೇಸಿಗೆಯೆಲ್ಲ ನಮ್ಮ ಬೇಸ್‌ಮೆಂಟಿನಲ್ಲಿ ಎಡಿಟಿಂಗ್. ಹಿಮ ಬೀಳುವ ಮುಂಚೆ, ಸ್ಕೀ ಹುಚ್ಚರೆಲ್ಲ ಬಾಯಿಬಿಟ್ಟು ಕಾಯುವ ಹೊತ್ತಿಗೆ, ಊರೂರಿಗೆ ಸಿನಿಮಾ ಹೊತ್ತುಕೊಂಡು ಹೋಗುವುದು. ಶಿಕಾಗೋ ಪಕ್ಕದ ಇಟಾಸ್ಕಾದ ಹೋಟೆಲ್ ಹಾಲ್, ಶಾಲೆಯ ಆಡಿಟೋರಿಯಂ, ಸ್ಕೀ ಅಂಗಡಿಯ ಹಿಂದಿನ ಗೋಡೌನ್... ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ ಪರದೆ ಕಟ್ಟುತ್ತಿದ್ದರು. ಪೋಸ್ಟರ್ ಅಂಟಿಸುವುದೂ ಇವರೇ, ಟಿಕೆಟ್ ಹರಿಯುವುದೂ ಇವರೇ. ಸುಧೀರ ಮೈಕ್ ಹಿಡಿದು ಪರದೆಯ ಪಕ್ಕ ನಿಂತು ವಿವರಣೆ ಕೊಡುತ್ತಿದ್ದ.

ನನ್ನ ಸೀರೆಯ ಇಸ್ತ್ರಿಪೆಟ್ಟಿಗೆಯಲ್ಲಿ ವಿನಾಯಕ, ಚೆನ್ನಾಗಿ ಜಾರಲೆಂದು, ಸ್ಕೀ ಹಲಗೆಗೆ ಮೇಣ ಕರಗಿಸಿ ಹಚ್ಚುತ್ತಿದ್ದ. ನಾನು ಬೈದರೆ ಹಲ್ಲು ಕಿರಿಯುತ್ತಿದ್ದ. ಗ್ಯಾರೇಜ್ ತುಂಬ ಕಾದ ಮೇಣದ ವಾಸನೆ.

ಅವರ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಬೆಟ್ಟದ ತುದಿಯಲ್ಲಿ ನಿಂತವನಿಗೆ ಕಾಲಡಿಯ ಇಳಿಜಾರು ಕಾಣುವುದಿಲ್ಲ. ಎದುರಿನ ಗುಡ್ಡದಲ್ಲಿ ಕ್ಯಾಮೆರಾ ಹಿಡಿದವನಿಗೆ ಎಲ್ಲ ಕಾಣುತ್ತದೆ. ಅದಕ್ಕೇ ಮೇಲಿನವನು ವಾಕಿಟಾಕಿಯಲ್ಲಿ ಕೇಳಬೇಕು, ಎದುರಿನವನು ನೋಡಿ ‘ಬಾ’ ಅನ್ನಬೇಕು. ಬೇರೆ ಸ್ಕೀ ತಂಡಗಳ ಮಾತಿನ ಜೊತೆ ಕಲಸಿಹೋಗಬಾರದೆಂದು ಇವರು ಕನ್ನಡದಲ್ಲೇ ಮಾತಾಡುತ್ತಿದ್ದರು. ‘ಬಾ’ ಅನ್ನಿಸಿಕೊಳ್ಳದೆ ನನ್ನ ತಮ್ಮ ಒಂದು ಹೆಜ್ಜೆ ಇಟ್ಟವನಲ್ಲ. ಪಾರ್ಕಿಂಗ್ ಲಾಟಿನಲ್ಲಿ ಕಾರು ಸರಿಸುವುದಕ್ಕೂ ಸೀಟ್‌ಬೆಲ್ಟ್ ಹಾಕುವ ಪ್ರಾಣಿ ಅವನು.

ಅಂಥವನು ಒಂದು ಸಂಜೆ ಕೊಲರಾಡೋದಲ್ಲಿ ಶೂಟಿಂಗ್ ಹೊತ್ತಿಗೆ ಹಿಮಕುಸಿತದಲ್ಲಿ ಸಿಕ್ಕಿ ಸತ್ತ.

“ನಾನು ಬೇಡ ಬೇಡ ಅಂದೆ ಅಕ್ಕ, ಕೇಳಲೇ ಇಲ್ಲ. ಹಾರಿಬಿಟ್ಟ,” ಎಂದು ಸುಧೀರ ನನ್ನ ಕಾಲ ಬಳಿ ಕೂತು ಅತ್ತ. ನಾನೂ ನಂಬಿದೆ. ಹುಬ್ಬಳ್ಳಿಯಲ್ಲಿ ನಂಟರು “ಅಹಂಕಾರಕ್ಕ ಹೋದ ನೋಡ್ರಿ” ಎಂದು ಅವ್ವನ ಎದುರೇ ಆಡಿಕೊಂಡರು. ಆಮೇಲೆ ಸುಧೀರ ಅವತ್ತು ತೆಗೆದ ಚಿತ್ರಗಳನ್ನೇ ಕತ್ತರಿಸಿ ಜೋಡಿಸಿ, ಪೋಸ್ಟರಿನ ಮೇಲೆ ವಿನಾಯಕನ ಮುಖ ಹಾಕಿ, ಊರೂರಲ್ಲಿ ತೋರಿಸಲು ಹೊರಟ. ಪ್ರತಿ ಪ್ರದರ್ಶನದ ಕೊನೆಗೂ ಅದೇ ಮಾತು: “ನನ್ನ ಗೆಳೆಯ ಹುಂಬ, ಎಚ್ಚರಿಕೆ ಕೇಳಲಿಲ್ಲ.” ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಸತ್ತವನ ಮೇಲೆ ಗೂಬೆ ಕೂರಿಸುವುದು ಸುಲಭ, ಅವನೇನು ಎದ್ದು ಬಂದು ಹೇಳುತ್ತಾನೆಯೇ? ಇಟಾಸ್ಕಾದಲ್ಲಿ ನೋಡಿದವರು ಫೋನ್ ಮಾಡಿ ಇದನ್ನೆಲ್ಲ ಹೇಳಿದಾಗ, ಮುಂದಿನ ಪ್ರದರ್ಶನ ಎಲ್ಲಿ ಎಂದಷ್ಟೇ ಕೇಳಿದೆ.

ಮುಂದಿನ ಶನಿವಾರ ಪ್ಲಿಮತ್‌ನಲ್ಲಿ ಪ್ರದರ್ಶನ. ನಾನು ಹತ್ತು ವರ್ಷದ ಮಗಳು ಅನುವನ್ನು ಕರೆದುಕೊಂಡು ಹೋದೆ. ನವೆಂಬರ್ ಸಂಜೆ, ಐದೂವರೆಗೇ ಕತ್ತಲೆ, ಸಣ್ಣಗೆ ಹಿಮ ಉದುರುತ್ತಿತ್ತು. ಪ್ರೊಜೆಕ್ಟರ್ ಹತ್ತಿರ ಸಲೀಂ ಭಾಯ್ ಇದ್ದರು. ಶಿವಮೊಗ್ಗದವರು, ಪಕ್ಕದ ಊರು ವಿಕ್ಸಮ್‌ನಲ್ಲಿ ಸ್ಕೀ ರಿಪೇರಿ ಅಂಗಡಿ ಇಟ್ಟವರು, ವಿನಾಯಕ ಅಂದರೆ ಅವರಿಗೆ ಪ್ರಾಣ. ಜನರೆಲ್ಲ ಬಹುತೇಕ ಅಮೆರಿಕದವರು, ಊರಿನ ಸ್ಕೀ ಕ್ಲಬ್ಬಿನವರು. ಕನ್ನಡ ಬಲ್ಲವರು ಬೆರಳೆಣಿಕೆಯಷ್ಟು.

ಸಿನಿಮಾ ಕೊನೆಗೆ ಬಂತು. ಬೆಳ್ಳನೆಯ ಬೆಟ್ಟ, ತುದಿಯಲ್ಲಿ ಕೆಂಪು ಜಾಕೆಟ್ಟಿನ ಒಂದು ಚುಕ್ಕೆ. ನನ್ನ ತಮ್ಮ. ಸುಧೀರ ನಮ್ಮ ಬೇಸ್‌ಮೆಂಟಿನಲ್ಲಿ ಎಡಿಟ್ ಮಾಡುವಾಗ ಈ ಭಾಗವನ್ನು ಎಷ್ಟೋ ಸಲ ನೋಡಿ ಅತ್ತವಳು ನಾನು. ಒಂದು ಗಳಿಗೆ ನಿಲ್ಲುತ್ತಾನೆ, ಹೊರಡುತ್ತಾನೆ, ಪರದೆ ಕಪ್ಪಾಗುತ್ತದೆ. ಹಿನ್ನೆಲೆಯಲ್ಲಿ ಸಂಗೀತ ಬಿಟ್ಟರೆ ಬೇರೆ ಸದ್ದಿಲ್ಲ. ವಾಕಿಟಾಕಿಯ ಮಾತು ರೆಕಾರ್ಡ್ ಆಗಿಲ್ಲ ಎಂದು ಸುಧೀರ ಹೇಳಿದ್ದ.

ಆ ರಾತ್ರಿ ವಿನಾಯಕ ಹೊರಡಲಿಲ್ಲ.

ನಿಂತೇ ಇದ್ದ. ಚಿತ್ರ ಸಿಕ್ಕಿಹಾಕಿಕೊಂಡಿದೆ ಅಂದುಕೊಂಡೆ. ಇಲ್ಲ... ಅವನ ಸುತ್ತ ಹಿಮದ ಪುಡಿ ಹಾರುತ್ತಿತ್ತು, ಜಾಕೆಟ್ಟಿನ ಅಂಚು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಸಂಗೀತ ತಾನೇ ನಿಂತಿತು. ಹಾಲ್ ತಣ್ಣಗಾಯಿತು. ಮೂಗಿಗೆ ಕಾದ ಮೇಣದ ವಾಸನೆ ಬಡಿಯಿತು...

ಕರ್ರ್... ಎಂದು ವಾಕಿಟಾಕಿಯ ಸದ್ದು. ಆಮೇಲೆ ಉಸಿರು. ಓಡಿ ಬಂದವನ ಏದುಸಿರು.

“ಸುಧೀ... ಕೆಳಗ ಹೆಂಗೈತಿ? ಬರ್ಲೇನು?”

ಅನು ನನ್ನ ತೋಳು ಹಿಡಿದಳು. “ಅಮ್ಮಾ... ಈಸ್ ದಟ್ ವಿನೂ ಮಾಮಾ?”

ನಾನು ತಿರುಗಿ ಸಲೀಂ ಭಾಯ್ ಕಡೆ ನೋಡಿದೆ. ಅವರು ಎರಡೂ ಕೈ ಎತ್ತಿ ತೋರಿಸಿದರು. “ವಾಲ್ಯೂಮ್ ಪೂರ್ತಿ ಇಳಿಸಿದೀನಿ ಮೇಡಂ,” ಎಂದು ಪಿಸುಗುಟ್ಟಿದರು. “ನಂದೇನಿಲ್ಲ ಇದ್ರಲ್ಲಿ... ಯಾ ಅಲ್ಲಾ.”

“ಸುಧೀ, ಬರ್ಲೇನು?”

ಪರದೆಯ ಪಕ್ಕ ಮೈಕ್ ಹಿಡಿದು ನಿಂತಿದ್ದ ಸುಧೀರ ಹಾವು ತುಳಿದವನಂತಾಗಿದ್ದ. ಆ ಚಳಿಯಲ್ಲೂ ಹಣೆಯಿಂದ ಬೆವರು ಇಳಿಯುತ್ತಿತ್ತು. ಜನ ಇದೂ ಸಿನಿಮಾದ ಭಾಗ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಮೂರನೇ ಸಲ ಕೇಳಿತು, ನಾಲ್ಕನೇ ಸಲ ಕೇಳಿತು. ದನಿಯಲ್ಲಿ ಸಿಟ್ಟಿಲ್ಲ, ಅವಸರವಿಲ್ಲ. ನಮ್ಮ ಮನೆಯ ಬಾಗಿಲಲ್ಲಿ ಬೂಟು ಬಿಚ್ಚುತ್ತ “ಅಕ್ಕಾ, ಒಳಗ ಬರ್ಲೇನು?” ಎಂದು ಕೇಳುತ್ತಿದ್ದ ಅದೇ ದನಿ.

ಆಗ ನನಗೆ ಹೊಳೆಯಿತು. ಕೇಳದೆ ಹಾರುವ ಹುಡುಗನಲ್ಲ ಇವನು. ಅವತ್ತೂ ಕೇಳಿದ್ದಾನೆ. ಯಾರೋ ಉತ್ತರ ಕೊಟ್ಟಿದ್ದಾರೆ.

ಎದ್ದು ಹೋಗಿ ಸುಧೀರನ ಕೈಯಲ್ಲಿದ್ದ ಮೈಕನ್ನು ಅವನ ಬಾಯಿಗೇ ಒತ್ತಿ ಹಿಡಿದೆ. “ಕೇಳಾಕತ್ತಾನಲ್ಲೋ. ಹೇಳು. ಅವತ್ತು ಏನ್ ಹೇಳಿದ್ದಿ, ಅದನ್ನ ಹೇಳು.”

“ಅಕ್ಕ, ಪ್ಲೀಸ್... ಆಫ್ ಮಾಡ್ಸಿ.”

“ಹೇಳು!”

ಸುಧೀರನ ಗಂಟಲಿನಿಂದ ದನಿ ಬಂತು. ಅವನು ಹೇಳಿದನೋ, ಅವನಿಂದ ಹೇಳಿಸಲಾಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ.

“ಬಾ... ಏನಿಲ್ಲ, ಹಿಮದಲ್ಲಿ ಸಣ್ಣ ಬಿರುಕು ಕಾಣ್ತಿದೆ ಅಷ್ಟೆ. ಬೇಗ ಬಾ ಮಾರಾಯ, ಬೆಳಕು ಹೋಗ್ತಾ ಇದೆ.”

ಪರದೆಯ ಮೇಲೆ ಕೆಂಪು ಚುಕ್ಕೆ ತಲೆಯಾಡಿಸಿತು. ಹೊರಟಿತು. ಅದರ ಹಿಂದೆಯೇ ಬೆಟ್ಟದ ಅರ್ಧ ಮೈ ಕಳಚಿಕೊಂಡು ಬಂತು... ಸದ್ದೇ ಇಲ್ಲ. ಬಿಳಿ, ಬರೀ ಬಿಳಿ. ಕೊನೆಗೆ ಪರದೆ ಕಪ್ಪಾಯಿತು.

ಜನ ಚಪ್ಪಾಳೆ ತಟ್ಟಿದರು! ಗೆಳೆಯನ ನೆನಪಿಗೆ ಎಂಥ ಗೌರವ ಎಂದು ಕಣ್ಣೊರೆಸಿಕೊಂಡರು. ಅವರಿಗೆ ಒಂದಕ್ಷರ ಅರ್ಥವಾಗಿರಲಿಲ್ಲ. ಸಂಜೆಯ ಹೊಂಬೆಳಕಿನಲ್ಲಿ ಶೂಟ್ ಮಾಡುವ ಆಸೆಗೆ ನನ್ನ ತಮ್ಮನನ್ನು ಬಿರುಕಿನ ಮೇಲೆ ಕರೆದವನು ನೆಲಕ್ಕೆ ಕುಸಿದು ಕೂತಿದ್ದ. ಜನ ಅವನಿಗಾಗಿ ಎದ್ದು ನಿಂತಿದ್ದರು. ಬಿಡುತ್ತೇನೆಯೇ? ಮೈಕ್ ಕಿತ್ತುಕೊಂಡು ಪ್ರತಿ ಮಾತನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ನಿಧಾನವಾಗಿ, ಕೊನೆಯ ಸಾಲಿನವರಿಗೂ ತಿಳಿಯುವ ಹಾಗೆ. ಚಪ್ಪಾಳೆ ನಿಂತಿತು. ಕುರ್ಚಿಗಳ ಸದ್ದು. ಒಬ್ಬೊಬ್ಬರಾಗಿ ಕೋಟು ಹಾಕಿಕೊಂಡು ಹೊರಟುಹೋದರು. ಅವನ ಮುಖವನ್ನು ಒಬ್ಬರೂ ನೋಡಲಿಲ್ಲ. ಆ ರಾತ್ರಿ ಮನೆಗೆ ಬಂದು ಅವ್ವನಿಗೆ ಫೋನ್ ಮಾಡಿ, “ನಿನ್ನ ಮಗ ಕೇಳೇ ಹೆಜ್ಜಿ ಇಟ್ಟಿದ್ದ” ಎಂದು ಹೇಳಿದೆ. ಅವ್ವ ಬಹಳ ಹೊತ್ತು ಅತ್ತಳು. ನಾನು ಹೊಟ್ಟೆ ತುಂಬ ಉಂಡು ಮಲಗಿದೆ.

ಮರುದಿನ ಸಲೀಂ ಭಾಯ್ ಅಂಗಡಿಯಲ್ಲಿ ಮತ್ತೆ ಟೇಪ್ ಹಾಕಿ ನೋಡಿದರು. ಮೊದಲಿನ ಹಾಗೇ ಇತ್ತು. ಸಂಗೀತ, ಚುಕ್ಕೆ, ಕಪ್ಪು. ಮಾತಿಲ್ಲ.

ಸುಧೀರ ಸಿನಿಮಾ ಬಿಟ್ಟ, ಊರು ಬಿಟ್ಟ. ಆದರೆ ಪ್ರತಿ ವರ್ಷ ಪ್ಲಿಮತ್‌ನಲ್ಲಿ ಮೊದಲ ಹಿಮ ಬಿದ್ದ ಸಂಜೆ ನನಗೆ ಫೋನ್ ಮಾಡುತ್ತಾನೆ. ಹಿಮವೇ ಬೀಳದ ಊರಿಗೆ ಹೋಗಿ ನೆಲೆಸಿದರೂ ಬಿಡುಗಡೆ ಸಿಗಲಿಲ್ಲವಂತೆ. “ಅಕ್ಕ, ರೇಡಿಯೋ ಹಾಕಿದ್ರೆ ಕೇಳ್ತಾನೆ, ಫೋನ್ ಎತ್ತಿದ್ರೆ ಕೇಳ್ತಾನೆ. ‘ಬಾ’ ಅಂದ್ರೂ ಕೇಳ್ತಾನೆ, ‘ಬೇಡ’ ಅಂದ್ರೂ ಕೇಳ್ತಾನೆ. ನಿದ್ದೆ ಮಾಡಿ ಎಷ್ಟು ದಿನ ಆಯ್ತೋ... ನಿಮ್ಮ ಮಾತು ಮೀರೋನಲ್ಲ ಅವನು. ಒಂದ್ಸಲ ‘ಸಾಕು’ ಅನ್ನಿ ಅಕ್ಕ.”

ನಾನು ಫೋನ್ ಇಟ್ಟುಬಿಡುತ್ತಿದ್ದೆ.

ಹೋದ ಚಳಿಗಾಲದಲ್ಲೂ ಫೋನ್ ಬಂತು. ಈ ಸಲ ಸುಧೀರ ಬರೀ ಬಿಕ್ಕುತ್ತಿದ್ದ. ಅವನ ಬಿಕ್ಕಳಿಕೆಯ ಹಿಂದೆ ಗಾಳಿಯ ಸದ್ದು. ಆಮೇಲೆ, ತೀರ ಹತ್ತಿರದಲ್ಲಿ, ನನ್ನ ಕಿವಿಗೇ ಬಾಯಿಟ್ಟ ಹಾಗೆ...

“ಅಕ್ಕಾ... ಇನ್ನೂ ಕೇಳ್ಲೇನು?”

ಅಡುಗೆಮನೆಯ ಬಾಗಿಲು ಹಿಡಿದುಕೊಂಡು ನಿಂತೆ. ಸಾಕು ಎಂದು ಒಂದು ಮಾತು ಹೇಳಿದ್ದರೆ ಬಹುಶಃ ತಮ್ಮನಿಗೂ ಸುಧೀರನಿಗೂ ಬಿಡುಗಡೆ ಸಿಗುತ್ತಿತ್ತೇನೋ. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

“ಕೇಳಪ್ಪಾ,” ಅಂದೆ.

ಫೋನ್ ಇಟ್ಟ ಮೇಲೆ ಬೆಳಗಿನವರೆಗೂ ದೀಪ ಆರಿಸಲಿಲ್ಲ. ಹೆದರಿಕೆ ಆಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ.