ಹಾಕದೆ ಉಳಿಸಿಕೊಂಡ ಒಂಬತ್ತು

ಗುಂಡ್ಲುಪೇಟೆಯ ಟೈರ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ನಾವು ನಾಲ್ವರು ಇಸ್ಪೀಟಿನಲ್ಲಿ ಇಪ್ಪತ್ತೆಂಟರ ಆಟ ಆಡುತ್ತೇವೆ. ಪಣವಿಲ್ಲ, ಸೋತವರು ಟೀ ತರಿಸಬೇಕು, ಅಷ್ಟೆ. ಸರ್ವೆ ಇಲಾಖೆಯಿಂದ ನಿವೃತ್ತನಾದ ನಾನು ಚಾಮರಾಜನಗರದಿಂದ ಬಸ್ಸಿನಲ್ಲಿ ಹೋಗುತ್ತೇನೆ. ಬೇಗೂರಿನ ಅರಿಸಿನದ ರೈತನೊಬ್ಬ ಹನ್ನೊಂದು ವರ್ಷ ನನ್ನ ಎದುರು ಕೂತಿದ್ದ. ಈ ಆಟದಲ್ಲಿ ಎದುರು ಕೂತವನೇ ಜೊತೆಗಾರ. ಉಳಿದಿಬ್ಬರು ಒಬ್ಬ ನಿವೃತ್ತ ಕಂಡಕ್ಟರ್, ಕೇರಳಕ್ಕೆ ಬಾಳೆಕಾಯಿ ಕಳಿಸುವ ಒಬ್ಬ ವ್ಯಾಪಾರಿ.

ಹಣ ಕಟ್ಟಿ ಆನ್‌ಲೈನ್‌ನಲ್ಲಿ ಆಡುವುದಕ್ಕೆ ಇನ್ನೂ ನಿಷೇಧವಿರದಿದ್ದ ವರ್ಷ ನಾನು ಫೋನಿನಲ್ಲಿ ಪೋಕರ್ ಕಲಿತೆ. ಒಂದೆರಡು ರೂಪಾಯಿಯ ಮೇಜನ್ನು ದಾಟಿ ಮೇಲೆ ಹೋದವನಲ್ಲ. ಆದರೆ ದೊಡ್ಡ ಮೇಜುಗಳನ್ನು ನೋಡುತ್ತಾ ಕೂರಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹರವೆಯ ಕಡೆ ಒಂದು ಎಕರೆ ಕೊಳ್ಳುವಷ್ಟು ಹಣ ಅಲ್ಲಿ ಒಂದು ಗುಟುಕು ಕಾಫಿ ಮುಗಿಯುವುದರೊಳಗೆ ಕೈ ಬದಲಾಯಿಸುತ್ತಿತ್ತು. ಅಲ್ಲಿನ ಒಬ್ಬ ಆಟಗಾರನನ್ನು ನಾನು ವಿಶೇಷವಾಗಿ ಗಮನಿಸುತ್ತಿದ್ದೆ. ಒಳ್ಳೆಯ ಎಲೆ ಬಂದಾಗ ಅವನು ಏನೂ ಬರದವನಂತೆ ಸುಮ್ಮನಿರುತ್ತಿದ್ದ. ಮಿಕ್ಕವರು ಹಣ ಸುರಿದ ಮೇಲೆ ಎಲೆ ತೋರಿಸುತ್ತಿದ್ದ. ಅವನು ಆಡಿದ ಪ್ರತಿಯೊಂದು ಕೈಯನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

ಇದನ್ನು ಟೈರ್ ಅಂಗಡಿಯಲ್ಲಿ ಹೇಳಿದ್ದು ನನ್ನ ಅವಿವೇಕ.

"ಯಾರೋ ಮದ್ವೆ ಊಟ ಉಣ್ತಾವ್ರೆ, ನಮ್ಮ ಸಾಹೇಬ್ರು ಕಿಟ್ಕೀಲಿ ನೋಡ್ಕಂಡು ನಿಂತವ್ರೆ," ಎಂದ ಕಂಡಕ್ಟರ್. ವ್ಯಾಪಾರಿ ನಕ್ಕ. ನನ್ನ ಜೊತೆಗಾರನೂ ನಕ್ಕ. ನಕ್ಕಿದ್ದನ್ನು ನಾನು ನೋಡಿದೆ.

ಅದಾಗಿ ಎರಡು ವಾರಕ್ಕೆ ಆ ಕೈ ಬಂತು. ಇಪ್ಪತ್ತೆಂಟರಲ್ಲಿ ಗುಲಾಮನೇ ದೊಡ್ಡ ಎಲೆ. ಅದರ ನಂತರ ಒಂಬತ್ತು, ಅದಕ್ಕೆ ಎರಡು ಅಂಕ. ಜೊತೆಗಾರನ ಗುಲಾಮ ಗೆಲ್ಲುತ್ತಿದ್ದರೆ ನಮ್ಮ ಒಂಬತ್ತನ್ನು ಅದರ ಮೇಲೆ ಹಾಕಿ ಅಂಕ ಸೇರಿಸಬೇಕು. ಹೊಸದಾಗಿ ಆಟ ಕಲಿತವರಿಗೂ ಇದು ಗೊತ್ತು. ನನ್ನ ಜೊತೆಗಾರ ಹದಿನೆಂಟು ಅಂಕ ಗೆಲ್ಲುವುದಾಗಿ ಒಪ್ಪಿಕೊಂಡು ಆಟೀನಿನ ಗುಲಾಮ ಇಳಿಸಿದ. ನನ್ನ ಕೈಯಲ್ಲಿ ಆಟೀನಿನ ಒಂಬತ್ತೂ ಇತ್ತು, ಏಳೂ ಇತ್ತು. ಒಳ್ಳೆಯ ಎಲೆಯನ್ನು ಇಷ್ಟು ಬೇಗ ತೋರಿಸಬಾರದೆಂದು ಏಳನ್ನು ಹಾಕಿದೆ. ಮುಂದಿನ ಸುತ್ತಿನಲ್ಲಿ ನನ್ನ ಒಂಬತ್ತನ್ನು ವ್ಯಾಪಾರಿ ತುರುಫಿನಿಂದ ಹೊಡೆದ. ನಾವು ಹದಿನೇಳಕ್ಕೆ ನಿಂತೆವು.

"ಒಂಬತ್ತು ನಿಮ್ ಕೈಲೇ ಇತ್ತಾ?" ಜೊತೆಗಾರ ಕೇಳಿದ.

"ಇತ್ತು."

"ನನ್ ಗುಲಾಮ ಗೆಲ್ತಿತ್ತಲ್ಲಣ್ಣ. ಯಾರ್ಗೆ ಅಂತ ಮಡಿಕಂಡ್ರಿ?"

ಪೋಕರ್ ಆಟಗಾರರ ಕ್ರಮವನ್ನು ವಿವರಿಸತೊಡಗಿದೆ. ಅವನು ಪೂರ್ತಿ ಕೇಳಲಿಲ್ಲ. "ಅಲ್ಲಿ ಎದುರ್ಗೆ ಕೂತಿರೋನು ನಿಮಗೇನಾಗ್ಬೇಕು? ಬುಡಿ. ಮುಂದ್ಲ ವಾರ ನಾನು ಕಂಡಕ್ಟ್ರ ಜೊತೆ ಕೂತ್ಕತೀನಿ."

ಹನ್ನೊಂದು ವರ್ಷದಲ್ಲಿ ಅವನು ತಪ್ಪಾಗಿ ಇಳಿಸಿದ ಎಲೆಗಳನ್ನು ನಾನು ಒಂದೊಂದಾಗಿ ಹೇಳಬಲ್ಲೆ. ಆದರೂ ನಾನು ಒಮ್ಮೆಯೂ ಎದುರಿನ ಜಾಗ ಬದಲಿಸುತ್ತೇನೆಂದು ಹೇಳಿರಲಿಲ್ಲ. ಎರಡು ಭಾನುವಾರ ಗುಂಡ್ಲುಪೇಟೆಗೆ ಹೋಗಲಿಲ್ಲ; ಯಾರೂ ಫೋನ್ ಮಾಡಲಿಲ್ಲ ಎಂಬುದನ್ನೂ ಗಮನಿಸಿದೆ. ನನ್ನ ವಾದಕ್ಕೆ ಆಧಾರ ಹುಡುಕುತ್ತಾ ಫೋನಿನ ದೊಡ್ಡ ಮೇಜಿನ ಮುಂದೆಯೇ ಕೂತೆ. ಎರಡನೆಯ ಭಾನುವಾರ ನಾನು ಮೆಚ್ಚಿದ್ದ ಆ ಆಟಗಾರ ಒಂದೇ ಕೈಯಲ್ಲಿ ತನ್ನ ಮುಂದಿದ್ದುದನ್ನೆಲ್ಲ ಸೋತ. ಅವನ ಹೆಸರು ಪರದೆಯಿಂದ ಅಳಿಸಿಹೋಯಿತು. ಮುಂದಿನ ಎಲೆ ಹಂಚುವಷ್ಟರಲ್ಲಿ ಅದೇ ಜಾಗಕ್ಕೆ ಬೇರೊಂದು ಹೆಸರು ಬಂತು. ಉಳಿದ ಐವರಲ್ಲಿ ಒಬ್ಬರೂ ಅವನ ಬಗ್ಗೆ ಚಾಟ್‌ನಲ್ಲಿ ಒಂದು ಅಕ್ಷರ ಬರೆಯಲಿಲ್ಲ. ಹಾಗೆ ಬರೆಯಬೇಕೆಂಬ ನಿಯಮ ಅಲ್ಲಿಲ್ಲ. ನಾನು ಫೋನ್ ಆರಿಸಿದೆ.

ಮೂರನೆಯ ಭಾನುವಾರ ಹೋದಾಗ ನನಗೆ ಉಳಿದಿದ್ದುದು ವ್ಯಾಪಾರಿಯ ಎದುರಿನ ಜಾಗ. ಕೂರುವ ಮುನ್ನ ಬೇಗೂರಿನವನಿಗೆ, "ಆ ಒಂಬತ್ತು ಹಾಕಬೇಕಿತ್ತು. ತಪ್ಪು ನನ್ನದು," ಎಂದೆ. ಆ ಕೋಣೆಯಲ್ಲಿ ನಾನು ಆ ಮಾತು ಆಡಿದ್ದು ಅದೇ ಮೊದಲು.

ಅವನು ಎಲೆ ಕಲಸುತ್ತಲೇ ಇದ್ದ. "ಹೂಂ, ಕೂತ್ಕಳಿ."

ಆಟ ಮುಗಿದ ಮೇಲೆ ಬಸ್ ನಿಲ್ದಾಣದವರೆಗೆ ಜೊತೆಯಲ್ಲೇ ನಡೆದ. "ಮುಂದ್ಲ ವಾರ ಬತ್ತೀರಾ?"

"ಬಂದರೆ ಎಲ್ಲಿ ಕೂರಲಿ?"

"ಅದ ಬಂದ್ಮೇಲ್ ನೋಡನ."

ಆಮೇಲೆ ಮೂರು ವಾರ ಅವನು ಕಂಡಕ್ಟರ್ ಎದುರೇ ಕೂತ. ನಾಲ್ಕನೆಯ ವಾರ ಕಂಡಕ್ಟರ್ ಚಂದಕವಾಡಿಗೆ ಮದುವೆಗೆ ಹೋಗಿದ್ದ. ಅವನ ಬದಲಿಗೆ ಟೈರ್ ಅಂಗಡಿಯವನು ಕೂರಲು ಬಂದ. ಬೇಗೂರಿನವನು ಅವನನ್ನು ವ್ಯಾಪಾರಿಯ ಎದುರಿಗೆ ಕಳಿಸಿ, ತನ್ನ ಎದುರಿನ ಚಾಪೆಯನ್ನು ಕೈಯಿಂದ ತಟ್ಟಿದ. ಕಂಡಕ್ಟರ್ ಬಂದಿದ್ದರೂ ಹೀಗೆಯೇ ತಟ್ಟುತ್ತಿದ್ದನೇ ಎಂದು ಕೇಳುವ ಹಕ್ಕು ನನಗಿತ್ತು. ಕೇಳದೆ ಕೂತೆ.